ಹಿಟ್ಟು ಬೀಸದ ಮಿಲ್ಲು

ಟ್ರ್ಯಾಕ್ಟರ್ ನಮ್ಮ ಮನೆ ಮುಂದೆ ಬಂದು ನಿಂತಾಗ ಸಂಜೆ ಆರು ಗಂಟೆ. ಟ್ರೇಲರ್‌ನಲ್ಲಿ ತಾಡಪತ್ರಿ ಹೊದ್ದುಕೊಂಡು ಕೂತ ಒಂದು ಕಬ್ಬಿಣದ ಗುಡ್ಡ. ಹಳ್ಳಿ ಅಂದ್ಮೇಲೆ ಸುಮ್ನೆ ಬಿಡ್ತಾರಾ? ಹತ್ತು ನಿಮಿಷದಲ್ಲಿ ಹದಿನೈದು ಜನ ಸೇರಿದ್ರು.

“ಏನೋ ತಮ್ಮಾ ಇದು?”

“ಮಿಲ್ಲಿಂಗ್ ಮಷಿನ್ ಕಾಕಾ.”

“ಚಲೋ ಆತು ಬಿಡು. ಇರೋ ಗಿರಣ್ಯಾಗ ಪಾಳಿ ಹಚ್ಚಿ ಹಚ್ಚಿ ಸಾಕಾಗಿತ್ತು. ಖಾರಾನೂ ಕುಟ್ಟತೈತೇನು?”

ಬ್ಯಾಡಗಿ ಮೆಣಸಿನಕಾಯಿ ಸೀಮೆಯಲ್ಲಿ ಮಿಲ್ಲು ಅಂದ್ರೆ ಎರಡೇ ಅರ್ಥ. ಒಂದು ಜೋಳ ಬೀಸೋದು, ಇನ್ನೊಂದು ಖಾರ ಕುಟ್ಟೋದು. ಇದು ಎರಡೂ ಅಲ್ಲ, ಕಬ್ಬಿಣ ಕೊರೆಯೋ ಮಷಿನ್ ಅಂತ ಹೇಳಿದೆ. ಕಾಕಾ ಒಂದು ಕ್ಷಣ ಯೋಚನೆ ಮಾಡಿ, “ಹಂಗಾರ ನಮಗೇನು ಉಪಯೋಗ?” ಅಂದ್ರು. ಆ ಪ್ರಶ್ನೆಗೆ ಉತ್ತರ ಕೊಡೋಕೆ ನನಗೆ ನಾಲ್ಕೂವರೆ ತಿಂಗಳು ಹಿಡೀತು.

ಈ ಅಂಕಣ ಮೊದಲಿಂದ ಓದ್ತಿರೋರಿಗೆ ಗೊತ್ತು, ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸ ಮಾಡೋ ಲಕ್ಷಾಂತರ ಜನರಲ್ಲಿ ಒಬ್ಬ. ತಿಂಗಳಿಗೆ ಒಂದು ವಾರ ಬೆಂಗಳೂರು, ಉಳಿದ ಮೂರು ವಾರ ಊರು. ಊರು ಅಂದ್ರೆ ಹಾವೇರಿ ಜಿಲ್ಲೆಯ ಗಳಗನಾಥ. ವರದಾ ನದಿ ಬಂದು ತುಂಗಭದ್ರೆಗೆ ಸೇರೋ ಜಾಗ. 11ನೇ ಶತಮಾನದ ಗಳಗೇಶ್ವರ ದೇವಸ್ಥಾನ ಇದೆ. ಕನ್ನಡದ ಆರಂಭದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ (1869–1942) ತಮ್ಮ ಹೆಸರು ಬಿಟ್ಟು ‘ಗಳಗನಾಥ’ ಅಂತ ಊರಿನ ಹೆಸರಲ್ಲೇ ಬರೆದ್ರು. ಬರೆದ ಪುಸ್ತಕ ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದ್ರು. ನಮ್ಮೂರಿನ ಬಗ್ಗೆ ಹೇಳೋವಾಗ ನಾವು ಈ ಮೂರನ್ನೂ ಹೇಳದೇ ಮುಂದೆ ಹೋಗಲ್ಲ.

ಆದ್ರೆ ನಮ್ಮೂರಲ್ಲಿ ಮಿಲ್ಲಿಂಗ್ ಮಷಿನ್ ಇರಲಿಲ್ಲ.

ಕಿಲೋ ಲೆಕ್ಕದಲ್ಲಿ

ಅದನ್ನ ನೋಡಿದ್ದು ರಾಣೆಬೆನ್ನೂರಿನ ಒಂದು ಗುಜರಿ ಅಂಗಡಿಯಲ್ಲಿ. ನಾನು ಹೋಗಿದ್ದು ಬಾಗಿಲಿಗೆ ಹಳೇ ಕಬ್ಬಿಣದ ಪಟ್ಟಿ ತರೋಕೆ. ಮೂಲೆಯಲ್ಲಿ ಇದು ನಿಂತಿತ್ತು. ಮೈತುಂಬ ತುಕ್ಕು, ಒಂದು ಹ್ಯಾಂಡಲ್ ಇಲ್ಲ, ಹೆಸರಿನ ಫಲಕ ಇರಬೇಕಾದ ಕಡೆ ಎರಡು ರಿವೆಟ್ ತೂತು ಮಾತ್ರ. ಪಕ್ಕದಲ್ಲಿ ಒಬ್ಬ ಹುಡುಗ ಇನ್ಯಾವುದೋ ಮಷಿನ್ನನ್ನ ಸುತ್ತಿಗೆಯಿಂದ ಒಡೀತಿದ್ದ. ಬೀಡು ಕಬ್ಬಿಣ ಒಡೆದ್ರೆ ಮಡಕೆ ಒಡೆದ ಹಾಗೆ ತುಂಡಾಗತ್ತೆ, ನಿಮಗೆ ಗೊತ್ತಾ? ನನಗೆ ಅವತ್ತೇ ಗೊತ್ತಾಗಿದ್ದು.

“ಮುಂದಿನ ಪಾಳಿ ಇದರದ್ದೇ” ಅಂದ್ರು ಅಂಗಡಿಯವರು.

ಕಿಲೋಗೆ 42 ರೂಪಾಯಿ. ತೂಕ 960 ಕಿಲೋ. 40,320 ರೂಪಾಯಿ ಆಗ್ತಿತ್ತು, 40 ಸಾವಿರಕ್ಕೆ ಮುಗಿಸಿದೆ. ಮೊಬೈಲ್‌ನಲ್ಲಿ ದುಡ್ಡು ಕಳಿಸಿ ಹೊರಗೆ ಬಂದ್ಮೇಲೆ ಕೈಕಾಲು ತಣ್ಣಗಾದವು. ಒಂದು ಟನ್ ತುಕ್ಕು ತಗೊಂಡು ಏನು ಮಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ಸುಳ್ಳು. ಸ್ವಲ್ಪ ಗೊತ್ತಿತ್ತು.

ನಮ್ಮಪ್ಪ ಐಟಿಐ ಮಾಡಿದವನು. ಅವನ ಕಾಲದಲ್ಲಿ ನಮ್ಮ ಕಡೆ ಐಟಿಐ ಮುಗಿಸಿದ ಹುಡುಗರಿಗೆ ಒಂದೇ ಆಸೆ, ಹೊಳೆ ಆಚೆ ಹರಿಹರದಲ್ಲಿ ಕೆಲಸ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾದ ಕಾರ್ಖಾನೆ. ಬೆಂಗಳೂರಲ್ಲಿ ಎಚ್‌ಎಂಟಿ ಹುಟ್ಟಿದ್ದೇ 1953ರಲ್ಲಿ, ಅಂದ್ರೆ ನಮ್ಮ ಮಗ್ಗುಲಿನ ಊರು ಬೆಂಗಳೂರಿಗಿಂತ ಹನ್ನೆರಡು ವರ್ಷ ಮುಂದಿತ್ತು. ಅಪ್ಪನಿಗೆ ಅಲ್ಲಿ ಕೆಲಸ ಸಿಗಲಿಲ್ಲ. ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಮಿಲ್ಲಿಂಗ್ ಮಷಿನ್ ಮೇಲೆ ಹತ್ತೊಂಬತ್ತು ವರ್ಷ ನಿಂತ. ಆಮೇಲೆ ಅದೂ ಮುಚ್ಚಿತು. ಅಪ್ಪ ಊರಿಗೆ ಬಂದು ಮೂರು ಎಕರೆ ಹೊಲ ಹಿಡಿದ. ಹತಾರದ ಪೆಟ್ಟಿಗೆ ಅಟ್ಟ ಸೇರಿತು. ಆ ಹತ್ತೊಂಬತ್ತು ವರ್ಷದ ಬಗ್ಗೆ ಅವನು ಮಾತಾಡಿದ್ದು ನಾನು ಕೇಳಿಲ್ಲ.

ಎರಡು ವರ್ಷದಿಂದ ಅಪ್ಪನ ಬಲಗೈ ನಡುಗತ್ತೆ. ಡಾಕ್ಟರು ಪಾರ್ಕಿನ್ಸನ್ ಅಂದ್ರು, ಮಾತ್ರೆ ನಡೀತಿದೆ. ಅಪ್ಪ ಜನರ ಎದುರಿಗೆ ಚಹಾ ಕುಡಿಯೋದು ಬಿಟ್ಟ. ಅವ್ವ ಅರ್ಧ ಲೋಟ ಮಾತ್ರ ಹಾಕ್ತಾಳೆ, ಚೆಲ್ಲದಿರಲಿ ಅಂತ. ಅಂಗಿ ಗುಂಡಿ ಹಾಕಿಕೊಳ್ಳೋಕೆ ಹತ್ತು ನಿಮಿಷ. ಸಹಾಯ ಮಾಡೋಕೆ ಹೋದ್ರೆ ಸಿಟ್ಟು. ದಿನವಿಡೀ ಕಟ್ಟೆ ಮೇಲೆ ಕೂತು ರಸ್ತೆ ನೋಡೋದೇ ಕೆಲಸ ಆಗಿತ್ತು.

ನನಗೆ ಮಷಿನ್ ಬೇಕಿತ್ತೋ, ಅಪ್ಪನ ಜೊತೆ ಮಾತಾಡೋಕೆ ಒಂದು ನೆಪ ಬೇಕಿತ್ತೋ, ನೀವೇ ತಿಳ್ಕೊಳ್ಳಿ.

ಅಪ್ಪ ಅವತ್ತು ತಾಡಪತ್ರಿ ತೆಗೆದಿದ್ದನ್ನ ದೂರದಿಂದಲೇ ನೋಡಿದ. “ಆ ಸುಡಗಾಡ ಕಬ್ಬಿಣ ಮನಿಗ್ಯಾಕ ತಂದಿ?” ಅಂದ. ಒಳಗೆ ಹೋದ.

‘ನೀ’ ಎತ್ತು

ಒಂದು ಟನ್ ಇಳಿಸೋದು ಹುಡುಗಾಟ ಅಲ್ಲ. ಚೈನ್ ಬ್ಲಾಕ್, ಮೂರು ದಪ್ಪ ಕಂಬದ ತ್ರಿಕಾಲು, ಕೆಳಗೆ ಉರುಳಿಸೋಕೆ ಪೈಪಿನ ತುಂಡು. ಇಂಥ ಮಷಿನ್‌ಗೆ ತಲೆ ಭಾರ, ಓರೆಯಾದ್ರೆ ಮಗುಚತ್ತೆ. ಬಿದ್ರೆ ಹಿಡಿಯೋಕೆ ಹೋಗಬೇಡಿ, ಓಡಿ. ಇದು ಮೊದಲ ಪಾಠ. ಎರಡು ತಾಸು ಒದ್ದಾಡಿ ದನದ ಕೊಟ್ಟಿಗೆಗೆ ಸೇರಿಸಿದ್ವಿ. ದನ ಮಾರಿ ಮೂರು ವರ್ಷ ಆಗಿತ್ತು. ನೆಲಕ್ಕೆ ಮುಂಚೆಯೇ ಅರ್ಧ ಅಡಿ ಕಾಂಕ್ರೀಟ್ ಹಾಕಿಸಿದ್ದೆ. ಗೋದಲಿ ಹಾಗೇ ಇದೆ, ಈಗ ಅದರಲ್ಲಿ ಸ್ಪ್ಯಾನರ್ ಇಡ್ತೀನಿ.

ಮಷಿನ್ ಗೊತ್ತಿಲ್ಲದವರಿಗೆ ಎರಡು ಮಾತು. ಲೇತ್‌ನಲ್ಲಿ ಕೊರೆಯಬೇಕಾದ ಕಬ್ಬಿಣ ತಿರುಗತ್ತೆ, ಹತಾರ ತಿರುಗಲ್ಲ. ಹಾಗಾಗಿ ದುಂಡನೆ ವಸ್ತು ಬರತ್ತೆ. ನಮ್ಮ ಕಡೆ ಚಾಲುಕ್ಯರ ದೇವಸ್ಥಾನಗಳಲ್ಲಿ ಕನ್ನಡಿ ಹಾಗೆ ಹೊಳೆಯೋ ದುಂಡು ಕಂಬ ನೋಡಿದೀರಲ್ಲ, ಅವನ್ನ ಬಳಪದ ಕಲ್ಲು ತಿರುಗಿಸಿಯೇ ಕಡೆದಿದ್ದು. ಅಂದ್ರೆ ಲೇತ್ ನಮಗೆ ಸಾವಿರ ವರ್ಷದ ಪರಿಚಯ. ಮಿಲ್ಲಿಂಗ್ ಉಲ್ಟಾ. ಇಲ್ಲಿ ಹಲ್ಲಿರೋ ಕಟರ್ ತಿರುಗತ್ತೆ, ಕಬ್ಬಿಣ ಟೇಬಲ್ ಮೇಲೆ ಕೂತು ಅದರ ಕೆಳಗೆ ನಿಧಾನಕ್ಕೆ ಸರಿಯತ್ತೆ. ಸಪಾಟು ಮೈ, ಗಾಡಿ, ಗೇರಿನ ಹಲ್ಲು ಎಲ್ಲ ಬರೋದು ಇದರಿಂದ. ಅಮೆರಿಕದ ಜೋಸೆಫ್ ಬ್ರೌನ್ 1862ರಲ್ಲಿ ಯುನಿವರ್ಸಲ್ ಮಿಲ್ಲಿಂಗ್ ಮಷಿನ್ ಮಾಡಿದ. ಡ್ರಿಲ್ ಬಿಟ್ಟಿನ ಮೈಮೇಲೆ ಸುರುಳಿ ಗಾಡಿ ಇರತ್ತಲ್ಲ, ಅದನ್ನ ಅಲ್ಲಿವರೆಗೆ ಅರ ಹಿಡಿದು ಕೈಯಲ್ಲೇ ಮಾಡ್ತಿದ್ರು. ಆ ಕಷ್ಟ ತಪ್ಪಿಸೋಕೆ ಹುಟ್ಟಿದ ಮಷಿನ್ ಅದು.

ಟೇಬಲ್, ಅದರ ಕೆಳಗೆ ಸ್ಯಾಡಲ್, ಅದರ ಕೆಳಗೆ ಇಡೀ ಭಾರ ಹೊತ್ತು ಮೇಲೆ ಕೆಳಗೆ ಹೋಗೋ ಭಾಗ. ಅದಕ್ಕೆ ಇಂಗ್ಲಿಷಲ್ಲಿ ಮೊಣಕಾಲು ಅಂತ ಹೆಸರು, ವರ್ಕ್‌ಶಾಪ್‌ನಲ್ಲಿ ‘ನೀ’ ಅಂತಾರೆ. ಇದರಿಂದ ಆದ ಗೊಂದಲ ಆಮೇಲೆ ಹೇಳ್ತೀನಿ.

ಮೊದಲ ತಿಂಗಳು ಬಿಚ್ಚೋದೇ ಕೆಲಸ. ಪ್ರತಿ ನಟ್ಟು ಬಿಚ್ಚೋ ಮುಂಚೆ ಫೋಟೊ, ಬಿಚ್ಚಿದ್ಮೇಲೆ ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ಚೀಟಿ. ಸಾಫ್ಟ್‌ವೇರ್‌ನಲ್ಲಿ ಕೋಡ್ ಕೆಡಿಸಿದ್ರೆ ಹಿಂದಿನ ಆವೃತ್ತಿ ವಾಪಸ್ ತರಬಹುದು, ಇಲ್ಲಿ ಹಿಂದಿನ ಆವೃತ್ತಿ ಅಂದ್ರೆ ಆ ಫೋಟೊಗಳೇ. ಒಳಗೆ ಸಿಕ್ಕಿದ್ದು: ಒಣಗಿ ಮೇಣ ಆಗಿದ್ದ ಗ್ರೀಸು, ಎರಡು ಬುಟ್ಟಿ ಕಬ್ಬಿಣದ ಚೂರು, ಹಲ್ಲಿ ಮೊಟ್ಟೆ, ಒಂದು ಐದು ಪೈಸೆ.

ಸಿಕ್ಕಿಬಿದ್ದ ಬೋಲ್ಟುಗಳಿಗೆ ಸೀಮೆಎಣ್ಣೆ, ಡೀಸೆಲ್, ತಾಳ್ಮೆ. ಸಣ್ಣ ಭಾಗಗಳಿಗೆ ಬಕೆಟ್ಟಿನ ವಿದ್ಯೆ. ನೀರಲ್ಲಿ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಮೈನಸ್ಸನ್ನ ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ಸನ್ನ ಬೇಡವಾದ ಕಬ್ಬಿಣದ ತುಂಡಿಗೆ ಹಚ್ಚಿ ರಾತ್ರಿ ಬಿಡೋದು. ಮುಂಜಾನೆ ತುಕ್ಕು ಕಪ್ಪು ಕೆಸರಾಗಿ ಉಜ್ಜಿದ್ರೆ ಬರತ್ತೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷ ಆಗತ್ತೆ. ಹೈಡ್ರೋಜನ್ ಬರೋದ್ರಿಂದ ಬಯಲಲ್ಲೇ ಮಾಡಬೇಕು, ಹತ್ರ ಬೆಂಕಿ ಇರಬಾರದು. ಹಿತ್ತಾಳೆ ಡಯಲ್ ಮಾತ್ರ ಏನು ಮಾಡಿದ್ರೂ ಹೊಳೀಲಿಲ್ಲ. ಅವ್ವ ನೋಡಿ ನಕ್ಕು ಹುಣಸೆಹಣ್ಣು ತಂದು ಕೊಟ್ಟಳು. ದೇವರ ದೀಪ ತಿಕ್ಕಿದ ಹಾಗೆ ತಿಕ್ಕಿದೆ, ಐದು ನಿಮಿಷಕ್ಕೆ ಅಂಕಿ ಎಲ್ಲ ಎದ್ದು ಕಂಡವು.

ಈ ನಡುವೆ ನನ್ನ ಮದುವೆ ಮಾತುಕತೆಗೆ ಹಾವೇರಿ ಕಡೆಯಿಂದ ಜನ ಬಂದಿದ್ರು. ನಾನು ಕೊಟ್ಟಿಗೆಯಿಂದ ಎದ್ದು ಬಂದೆ, ಮೊಣಕೈವರೆಗೆ ಗ್ರೀಸು. ಹುಡುಗಿಯ ಸೋದರಮಾವ ಅವ್ವನ ಕಿವಿಯಲ್ಲಿ, “ಹುಡುಗ ಸಾಫ್ಟ್‌ವೇರ್ ಅಂದಿದ್ರಿ, ಗ್ಯಾರೇಜ್ ಐತೇನ್ರಿ?” ಅಂದ್ರಂತೆ. ಆ ಮಾತುಕತೆ ಮುಂದೆ ಹೋಗಲಿಲ್ಲ. ಅವ್ವ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

ಎಮರಿ

ನಿಜವಾದ ಕಾಯಿಲೆ ತುಕ್ಕಲ್ಲ, ಸವೆತ ಅನ್ನೋದು ಆಮೇಲೆ ಗೊತ್ತಾಯ್ತು. ಟೇಬಲ್ ಹ್ಯಾಂಡಲ್ ಒಂದು ಕಡೆ ತಿರುಗಿಸಿ ವಾಪಸ್ ತಿರುಗಿಸಿದ್ರೆ ಕಾಲು ಸುತ್ತು ಸುಮ್ನೆ ಖಾಲಿ ಹೋಗ್ತಿತ್ತು. ಸ್ಕ್ರೂ ಒಂದು ಸುತ್ತಿಗೆ ಟೇಬಲ್ 5 ಮಿ.ಮೀ. ಸರಿಯತ್ತೆ, ಅಂದ್ರೆ ಕಾಲು ಸುತ್ತಿಗೆ ಒಂದೂಕಾಲು ಮಿಲಿಮೀಟರ್ ಸಡಿಲ. ಒಳಗಿನ ಗನ್‌ಮೆಟಲ್ ನಟ್ ಸವೆದಿತ್ತು. ಇನ್ನೊಂದು, ಸ್ಯಾಡಲ್ ಜಾರೋ ದಾರಿ ನಡುವೆ ಮಾತ್ರ ತಗ್ಗು. ವರ್ಷಾನುಗಟ್ಟಲೆ ನಡುವೆಯೇ ಕೆಲಸ ಮಾಡಿದ್ರೆ ಹಾಗೇ ಆಗೋದು. ನಡುವೆ ಬಿಗಿ ಮಾಡಿದ್ರೆ ತುದಿಯಲ್ಲಿ ಸಿಕ್ಕಿಕೊಳ್ಳತ್ತೆ, ತುದಿಗೆ ಸರಿ ಮಾಡಿದ್ರೆ ನಡುವೆ ಅಲ್ಲಾಡತ್ತೆ.

ಒಂದು ರವಿವಾರ ಮಧ್ಯಾಹ್ನ ನಾನು ಎಮರಿ ಕಾಗದ ತಗೊಂಡು ಆ ದಾರಿಯನ್ನ ಉಜ್ಜೋಕೆ ಶುರು ಮಾಡಿದೆ. ನುಣ್ಣಗೆ ಆದ್ರೆ ಸರಿ ಹೋಗತ್ತೆ ಅಂದ್ಕೊಂಡೆ.

“ಏ! ಎಮರಿ ಹಚ್ಚಬ್ಯಾಡ!”

ಬಾಗಿಲಲ್ಲಿ ಅಪ್ಪ. ಒಂದೂವರೆ ತಿಂಗಳಲ್ಲಿ ಕೊಟ್ಟಿಗೆ ಕಡೆ ಬಂದಿದ್ದು ಅದೇ ಮೊದಲು. “ಅದರ ಪುಡಿ ಕಬ್ಬಿಣದ ಒಳಗ ಕುಂದರತೈತಿ. ಆಮ್ಯಾಲೆ ಅದ ಎದುರಿನ ಮೈ ತಿಂತೈತಿ. ಯಾರು ಕಲಿಸಿದ್ರು ನಿನಗ?”

“ವೀಡಿಯೊದಾಗ ನೋಡಿದ್ನಿ.”

ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತು, “ಅಟ್ಟದ ಮ್ಯಾಲಿನ ಪೆಟ್ಟಿಗಿ ತಗೊಂಡ ಬಾ” ಅಂದ.

ಪೆಟ್ಟಿಗೆಯಲ್ಲಿ ಎಣ್ಣೆ ಬಟ್ಟೆ ಸುತ್ತಿದ ಮೈಕ್ರೋಮೀಟರ್, ಡಯಲ್ ಗೇಜ್, ಒಂದು ಅಡಿ ಉದ್ದದ ಬೀಡು ಕಬ್ಬಿಣದ ಸ್ಟ್ರೈಟ್‌ಎಡ್ಜ್, ಹಳೇ ಅರವನ್ನ ತುದಿ ತೀಡಿ ಮಾಡಿಕೊಂಡ ಸ್ಕ್ರೇಪರ್ ಇದ್ವು. ಇಪ್ಪತ್ತು ವರ್ಷ ಅಟ್ಟದಲ್ಲಿದ್ರೂ ಒಂದು ಚುಕ್ಕೆ ತುಕ್ಕಿಲ್ಲ. ಅಂದ್ರೆ ಯಾರಿಗೂ ಗೊತ್ತಾಗದ ಹಾಗೆ ಅಪ್ಪ ಆಗಾಗ ಎಣ್ಣೆ ಹಚ್ಚುತ್ತಿದ್ದ.

ಸ್ಕ್ರೇಪಿಂಗ್ ಅನ್ನೋ ವಿದ್ಯೆ ಹೀಗೆ. ಸ್ಟ್ರೈಟ್‌ಎಡ್ಜ್‌ಗೆ ತೆಳ್ಳಗೆ ನೀಲಿ ಬಣ್ಣ ಹಚ್ಚಬೇಕು. ಅದನ್ನ ಮಷಿನ್ ದಾರಿ ಮೇಲೆ ಇಟ್ಟು ಮೆಲ್ಲಗೆ ಆಡಿಸಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ನೀಲಿ ಅಂಟತ್ತೆ. ಆ ನೀಲಿ ಚುಕ್ಕೆಗಳನ್ನ ಮಾತ್ರ ಸ್ಕ್ರೇಪರ್‌ನಿಂದ ಕೆರೆಯಬೇಕು. ಒಂದು ಸಲ ಕೆರೆದ್ರೆ ಹೋಗೋದು ಕೆಲವೇ ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಒರೆಸು, ಮತ್ತೆ ನೀಲಿ, ಮತ್ತೆ ಕೆರೆ. ಮೊದಲು ದೊಡ್ಡ ದೊಡ್ಡ ಎರಡೇ ಮಚ್ಚೆ ಕಾಣತ್ತೆ. ನೂರು ಸಲ ಆದ್ಮೇಲೆ ಮೈತುಂಬ ಸಣ್ಣ ಚುಕ್ಕೆ. ಆ ಚುಕ್ಕೆಗಳ ನಡುವಿನ ತಗ್ಗಲ್ಲಿ ಎಣ್ಣೆ ನಿಲ್ಲತ್ತೆ, ಅದಕ್ಕೇ ನುಣ್ಣಗೆ ಉಜ್ಜಿದ ಮೈಗಿಂತ ಕೆರೆದ ಮೈ ಚೆನ್ನಾಗಿ ಜಾರತ್ತೆ.

ಅಪ್ಪ ಸ್ಕ್ರೇಪರ್ ಕೈಗೆ ತಗೊಂಡ. ನೀಲಿ ಚುಕ್ಕೆ ಮೇಲೆ ಇಡೋಕೆ ನೋಡಿದ. ತುದಿ ಚುಕ್ಕೆ ಸುತ್ತ ಕುಣೀತು. ಎರಡನೇ ಸಲ ಎಡಗೈ ಸೇರಿಸಿ ನೋಡಿದ. ಆಗಲಿಲ್ಲ. ನಾನು ಗೋಡೆ ಕಡೆ ನೋಡ್ತಾ ನಿಂತಿದ್ದೆ. ಅಪ್ಪ ಅದನ್ನ ನನ್ನ ಕೈಗೆ ಕೊಟ್ಟು, “ಕುರ್ಚಿ ತಗೊಂಡ ಬಾ” ಅಂದ.

ಅವತ್ತಿಂದ ಐದು ವಾರ ಶನಿವಾರ, ರವಿವಾರ, ಕೆಲವು ದಿನ ಆಫೀಸು ಮುಗಿದ್ಮೇಲೆ ರಾತ್ರಿ ಕೂಡ ಅಪ್ಪ ಕುರ್ಚಿ ಮೇಲೆ, ನಾನು ಮಷಿನ್ ಮೇಲೆ. “ಒತ್ತಬ್ಯಾಡ, ತಳ್ಳು.” “ಒಂದ ದಿಕ್ಕಿಗೆ ಕೆರಿಬ್ಯಾಡ, ಅಡ್ಡಡ್ಡ ಹೋಗು.” “ಸಪ್ಪಳ ಕೇಳು, ಕಿರ್ರ್ ಅಂದ್ರ ತುದಿ ಮೊಂಡಾತು.” ನಾನು ಬೆನ್ನು ಹಿಡಿದುಕೊಂಡು ನಿಂತ್ರೆ, “ಕೋಡ್ ಬರಿಯೋರಿಗೆ ಬೆನ್ನ ಎಲ್ಲಿರತೈತಿ” ಅಂತ ನಗ್ತಿದ್ದ. ಶುರುವಿನಲ್ಲಿ ಡಯಲ್ ಗೇಜ್ ಒಂದು ತುದಿಯಿಂದ ಇನ್ನೊಂದು ತುದಿಗೆ 0.12 ಮಿ.ಮೀ. ವ್ಯತ್ಯಾಸ ತೋರಿಸ್ತಿತ್ತು. ಕೊನೆಗೆ 0.03. ಅಪ್ಪ “ಮನಿ ಮಷಿನ್ನಿಗೆ ಸಾಕು” ಅಂದ. ನನ್ನ ಯಾವ ಪ್ರಮೋಶನ್‌ಗೂ ಅವನು ಅಷ್ಟು ಹೊಗಳಿರಲಿಲ್ಲ.

ಮಷಿನ್ ಎಲ್ಲಿಯದು ಅಂತಲೂ ಅಪ್ಪನೇ ಹೇಳಿದ್ದು. ನಾನು ಹರಿಹರದ್ದೋ ಬೆಂಗಳೂರಿಂದೋ ಅಂತ ಆಸೆಪಟ್ಟಿದ್ದೆ. ಅಪ್ಪ ಎರಕದ ಮೈ ಸವರಿ, ಹ್ಯಾಂಡಲ್ ನೋಡಿ, “ಪಂಜಾಬದ್ದು. ಬಟಾಲಾ ಇರಬೇಕು. ಅಲ್ಲಿ ಇಂಥ ಸಣ್ಣ ಮಷಿನ್ ಭಾಳ ಮಾಡತಿದ್ರು” ಅಂದ. ಬಡವರ ಮಷಿನ್. ನನಗೆ ಸ್ವಲ್ಪ ನಿರಾಸೆ ಆಯ್ತು. “ನಾ ಕಲತದ್ದೂ ಇಂಥಾದ್ರ ಮ್ಯಾಲ” ಅಂದ. ಆಮೇಲೆ ಆಗಲಿಲ್ಲ.

ಇನ್ನು ಆ ಗೊಂದಲ. ಅಪ್ಪ ಕುರ್ಚಿಯಿಂದ “ನೀ ಎತ್ತು” ಅಂದ್ರೆ ನಾನು ಸ್ಪ್ಯಾನರ್ ಎತ್ತೋದು. “ನೀ ಅಲ್ಲೋ, ‘ನೀ’!” ಅಂದ್ರೆ ನಾನು ಪೂರ್ತಿ ಸುಮ್ಮನೆ ನಿಲ್ಲೋದು. ಅವ್ವ ಬಾಗಿಲಲ್ಲಿ ನಿಂತು, “ಇಬ್ಬರಾಗ ಯಾರರೆ ಒಬ್ಬರು ಎತ್ತರಿ” ಅನ್ನೋಳು.

ಕರೆಂಟು, ನಂತರ ಅವಸರ

ಮೋಟಾರು 3 ಎಚ್‌ಪಿ, ತ್ರೀ ಫೇಸ್. ನಮ್ಮ ಮನೆಗೆ ಸಿಂಗಲ್ ಫೇಸ್. ಪಂಪ್‌ಸೆಟ್ಟಿನ ತ್ರೀ ಫೇಸ್ ದಿನಕ್ಕೆ ಕೆಲವೇ ತಾಸು, ಅದೂ ಹೊಲದಲ್ಲಿ. ಇದಕ್ಕೆ ದಾರಿ ವಿಎಫ್‌ಡಿ ಅನ್ನೋ ಡಬ್ಬಿ. ಅದು ಮನೆಯ ಸಿಂಗಲ್ ಫೇಸ್ ತಗೊಂಡು ಮೋಟಾರಿಗೆ ತ್ರೀ ಫೇಸ್ ಕೊಡತ್ತೆ. ಆದ್ರೆ ಹೊರಗೆ ಬರೋದು 230 ವೋಲ್ಟ್, 415 ಅಲ್ಲ. ನಮ್ಮಲ್ಲಿ ಇಷ್ಟು ಸಣ್ಣ ಮೋಟಾರುಗಳನ್ನ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಸುತ್ತಿರ್ತಾರೆ. ಅದನ್ನ ಬಿಚ್ಚಿ ಡೆಲ್ಟಾ ಮಾಡಿದ್ರೆ 230ಕ್ಕೆ ಸರಿಯಾಗಿ ಓಡತ್ತೆ. ಗುತ್ತಲದಲ್ಲಿ ಮೋಟಾರ್ ಸುತ್ತೋರು ಒಬ್ಬರು ಒಳಗಿನ ಗಂಟು ಬಿಚ್ಚಿ ಆರು ವೈರು ಹೊರಗೆ ತೆಗೆದು ಕೊಟ್ರು. ವೈರಿಂಗ್, ಅರ್ಥಿಂಗ್ ನಾನು ಮುಟ್ಟಲಿಲ್ಲ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಮಾಡಿದ್ರು. ನೀವೂ ಹಾಗೇ ಮಾಡಿ.

ಸ್ಪಿಂಡಲ್ ತಿರುಗಿದ ದಿನ ನನಗೆ ತಡೆಯೋಕೆ ಆಗಲಿಲ್ಲ. ಹೊಸ ಗನ್‌ಮೆಟಲ್ ನಟ್ ಇನ್ನೂ ರಾಣೆಬೆನ್ನೂರಿನ ಲೇತ್ ಅಂಗಡಿಯಲ್ಲಿತ್ತು. ಹಳೇ ನಟ್ಟನ್ನೇ ಹಾಕಿ ಜೋಡಿಸಿದೆ. “ಬರಲಿ ತಡಿ” ಅಂದ ಅಪ್ಪ. ಒಂದು ಸಣ್ಣ ಕಟ್ ತಾನೇ ಅಂದೆ. ಕಿವಿಯಲ್ಲಿ ಆಫೀಸ್ ಮೀಟಿಂಗ್ ಬೇರೆ ನಡೀತಿತ್ತು, ನಾನು ಮ್ಯೂಟ್‌ನಲ್ಲಿದ್ದೆ. ಅಪ್ಪ ಏನೋ ಹೇಳಿದ. ನನಗೆ ಕೇಳಿಸಲಿಲ್ಲ.

ಅವನು ಹೇಳಿದ್ದು ದಿಕ್ಕಿನ ಬಗ್ಗೆ. ಕಟರ್ ತಿರುಗೋ ದಿಕ್ಕಿಗೆ ಎದುರಾಗಿ ಟೇಬಲ್ ಸರಿಸಿದ್ರೆ ಕಟರ್ ಕಬ್ಬಿಣವನ್ನ ಹಿಂದಕ್ಕೆ ತಳ್ಳತ್ತೆ, ಸ್ಕ್ರೂ ಬಿಗಿಯಾಗೇ ಇರತ್ತೆ. ಅದೇ ದಿಕ್ಕಿಗೆ ಸರಿಸಿದ್ರೆ ಕಟರ್ ಕಬ್ಬಿಣವನ್ನ ತನ್ನ ಕಡೆಗೆ ಎಳ್ಕೊಳ್ಳತ್ತೆ. ನಟ್ ಬಿಗಿ ಇದ್ರೆ ಪರವಾಗಿಲ್ಲ. ನನ್ನ ನಟ್‌ನಲ್ಲಿ ಒಂದೂಕಾಲು ಮಿಲಿಮೀಟರ್ ಸಡಿಲ ಇತ್ತು.

ಟೇಬಲ್ ಜಿಗೀತು. ಢಣ್ ಅಂತ ಸದ್ದು. ಕಟರ್‌ನ ಹಲ್ಲೊಂದು ಮುರಿದು ಹಾರಿ ತಗಡಿನ ಗೋಡೆಗೆ ಬಡೀತು. ಎಮರ್ಜೆನ್ಸಿ ಸ್ವಿಚ್ ಒತ್ತಿ ತಿರುಗಿ ನೋಡಿದೆ. ತಗಡಿನ ಮೇಲಿನ ತಗ್ಗು ಅಪ್ಪನ ತಲೆಯಿಂದ ಒಂದು ಗೇಣು ದೂರ ಇತ್ತು.

ಕಿವಿಯಲ್ಲಿ ಯಾರೋ “ನಿಮ್ಮ ಕಡೆಯಿಂದ ಅಪ್‌ಡೇಟ್?” ಅಂತ ಕೇಳ್ತಿದ್ರು.

ಅಪ್ಪ ಎದ್ದ. ಒಂದು ಮಾತೂ ಆಡದೆ ಒಳಗೆ ಹೋದ. ಅವ್ವ ಆ ತಗ್ಗು ನೋಡಿ, “ನಾಳೆನ ಇದನ್ನ ಗುಜರಿಗೆ ಹಾಕಿ ಬಾ” ಅಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆ ತಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಜೊತೆ ಮಾತಾಡೋಕೆ ಅಂತ ತಂದ ಮಷಿನ್, ಅವನ ಮಾತು ಕೇಳಿಸಿಕೊಳ್ಳದೇ ಇದ್ದಿದ್ದಕ್ಕೇ ಅವನ ಪ್ರಾಣ ತೆಗೀತಿತ್ತು.

ಎರಡು ದಿನ ಕೊಟ್ಟಿಗೆಗೆ ಬೀಗ. ಗುಜರಿಯವರಿಗೆ ಫೋನೂ ಮಾಡಿದೆ. ಮೂರನೇ ದಿನ ಮುಂಜಾನೆ ಬೀಗ ತೆಗೆದಿತ್ತು. ಮಷಿನ್ ಎದುರಿನ ಗೋಡೆಗೆ ಒಂದು ರಟ್ಟು ತೂಗುಹಾಕಿತ್ತು. ಅಪ್ಪನ ಕೈಬರಹ. ಈ ಕಾಯಿಲೆಯಲ್ಲಿ ಅಕ್ಷರ ಬರೀತಾ ಬರೀತಾ ಸಣ್ಣ ಆಗ್ತಾ ಹೋಗತ್ತೆ. ಇರುವೆ ಸಾಲಿನ ಹಾಗೆ ಐದು ಸಾಲು:

1. ಫೋನ್ ಹೊರಗ.
2. ತೋಳು ಮಡಚು. ಕೈಗವಸು ಬ್ಯಾಡ.
3. ಕಣ್ಣಿಗೆ ಕನ್ನಡಕ.
4. ಕಟರಿಗೆ ಎದುರು ಹೋಗು.
5. ಅವಸರ ಇದ್ದಾಗ ಚಾಲೂ ಮಾಡಬ್ಯಾಡ.

ಎಷ್ಟು ಹೊತ್ತು ತಗೊಂಡು ಬರೆದನೋ ನಾನು ಕೇಳಲಿಲ್ಲ. ಅವನ ಕುರ್ಚಿ ಮಾತ್ರ ಕಟರಿನ ನೇರಕ್ಕಿದ್ದದ್ದು ಮಗ್ಗುಲಿಗೆ ಸರಿದಿತ್ತು. ನಾನು ಅದರ ಮುಂದೆ ದಪ್ಪ ಪಾಲಿಕಾರ್ಬೊನೇಟ್ ಹಾಳೆಯ ಒಂದು ತಡೆ ನಿಲ್ಲಿಸಿದೆ. ಆ ವಾರವೇ ಹೊಸ ನಟ್ ಬಂತು.

ಮೊದಲ ಕೂಲಿ

ಏಪ್ರಿಲ್‌ನಲ್ಲಿ ಗಿರಣಿ ಕಾಕಾ ಬಂದ್ರು. ಅವರ ಗಿರಣಿಯ ಶಾಫ್ಟ್‌ನಲ್ಲಿ ಚಾವಿ ಕೂರೋ ಗಾಡಿ ಹರಿದು ಅಗಲ ಆಗಿತ್ತು, ಪುಲ್ಲಿ ನಿಲ್ತಿರಲಿಲ್ಲ. ಹೊಸ ಶಾಫ್ಟ್ ಲೇತ್‌ನಲ್ಲಿ ಮಾಡಿಸಿದ್ರು, ಗಾಡಿ ಕೊರೆಸೋಕೆ ಮತ್ತೆ ರಾಣೆಬೆನ್ನೂರಿಗೆ ಹೋಗಬೇಕಿತ್ತು. ಒಂದು ದಿನದ ಗಿರಣಿ ಬಂದ್ ಅಂದ್ರೆ ಅರ್ಧ ಊರಿಗೆ ರೊಟ್ಟಿ ಹಿಟ್ಟಿಲ್ಲ.

ಶಾಫ್ಟ್ 35 ಮಿ.ಮೀ. ಅದಕ್ಕೆ ಚಾವಿ 10 ಮಿ.ಮೀ. ಅಗಲ, ಗಾಡಿ ಆಳ 5 ಮಿ.ಮೀ. ಇದು ಲೆಕ್ಕ. ಆದ್ರೆ ಕಟರ್ ಶಾಫ್ಟಿನ ಸರಿ ನಡುವೆ ಬರಬೇಕು. ಅಪ್ಪ ಕಟರಿಗೂ ಶಾಫ್ಟಿಗೂ ನಡುವೆ ಒಂದು ತೆಳು ಕಾಗದ ಹಿಡಿಸಿದ. ಮೆಲ್ಲಗೆ ಸರಿಸು, ಕಾಗದ ಹಿಡೀತು ಅಂದ ಕೂಡಲೇ ನಿಲ್ಲು, ಅಲ್ಲಿಂದ ಲೆಕ್ಕ ಹಾಕು. ನಾನು ಸರಿಸ್ತಾ ಇದ್ದೆ, ಅಪ್ಪ ಕುರ್ಚಿಯಿಂದ ಎದ್ದು ಬಂದ.

“ಸರಿ, ಇದನ್ನ ನಾ ಮಾಡತೀನಿ.”

ಅಪ್ಪ ಹ್ಯಾಂಡಲ್ ಹಿಡಿದ. ಅವನ ಕೈ ನಡುಗ್ತಿತ್ತು. ಹ್ಯಾಂಡಲ್ ಭಾರ, ಹೊಸ ನಟ್ ಬಿಗಿ. ಕೈ ನಡುಗಿದ್ದು ಟೇಬಲ್‌ವರೆಗೆ ಮುಟ್ಟಲಿಲ್ಲ. ಕಟರ್ ಎದುರು ದಿಕ್ಕಿಗೆ, ಒಂದೇ ವೇಗದಲ್ಲಿ, ಸದ್ದು ಏರದೆ ಇಳಿಯದೆ ಹೋಯ್ತು. ಚೂರು ಗರಿಗರಿಯಾಗಿ ಉದುರಿದವು. ಒಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಆಳ, ನಾಲ್ಕು ಸಲಕ್ಕೆ ಗಾಡಿ ಮುಗೀತು. ಡಯಲ್ 5.00 ಅಂತಿತ್ತು. “ಡಯಲ್ ನಂಬಬ್ಯಾಡ, ಅಳಿ” ಅಂದ. ಅಳೆದೆ. 5.02. ಚಾವಿ ಸುತ್ತಿಗೆಯ ಎರಡು ಸಣ್ಣ ಏಟಿಗೆ ಕೂತಿತು.

ಅಪ್ಪ ಕೂತ್ಕೊಂಡ. ಬೆವರಿತ್ತು, ದಣಿದಿದ್ದ. ಆ ದಿನ ಮತ್ತೆ ಎದ್ದೇಳಲಿಲ್ಲ. ಮಷಿನ್‌ನಿಂದ ಕಾಯಿಲೆ ವಾಸಿ ಆಯ್ತು ಅಂತ ನಾನು ಹೇಳಿದ್ರೆ ನಂಬಬೇಡಿ. ಈಗಲೂ ಅಂಗಿ ಗುಂಡಿಗೆ ಹತ್ತು ನಿಮಿಷ ಬೇಕು, ಮಾತ್ರೆಯ ಪ್ರಮಾಣ ಹೋದ ತಿಂಗಳು ಹೆಚ್ಚಾಗಿದೆ. ಆದ್ರೆ ಆ ಸಂಜೆ ಗಿರಣಿ ಕಾಕಾನ ಎದುರಿಗೆ ಕೂತು ಅಪ್ಪ ಚಹಾ ಕುಡಿದ. ಸ್ವಲ್ಪ ಚೆಲ್ಲಿತು. ಒರೆಸಿಕೊಂಡು ಮಾತು ಮುಂದುವರಿಸಿದ.

“ಎಷ್ಟು ಕೊಡಲಿ?” ಅಂದ್ರು ಕಾಕಾ.

“ರೊಕ್ಕ ಬ್ಯಾಡ. ಒಂದ ಚೀಲ ಜ್ವಾಳಾ ಬೀಸಿ ಕೊಡು.”

ಹಾಗಾಗಿ ಊರವರು ಮೊದಲ ದಿನ ಹೇಳಿದ್ದು ಸುಳ್ಳಾಗಲಿಲ್ಲ. ನಮ್ಮ ಮಿಲ್ಲಿನಿಂದ ಹಿಟ್ಟು ಬಂತು.

ನಿಮಗೂ ಇಂಥ ಹುಚ್ಚು ಇದ್ರೆ ಲೆಕ್ಕ ತಗೊಳ್ಳಿ. ಮಷಿನ್ 40,000, ಸಾಗಾಟ 4,500, ಮೋಟಾರ್ ಕೆಲಸ 1,800, ವಿಎಫ್‌ಡಿ 16,000, ನಟ್ 3,200, ಬೇರಿಂಗ್ ಮತ್ತು ಬೆಲ್ಟ್ 5,700, ಬಣ್ಣ, ಎಣ್ಣೆ, ಸೀಮೆಎಣ್ಣೆ 2,900, ಹಳೇ ಕಟರ್‌ಗಳು 3,500. ಒಟ್ಟು 77,600 ರೂಪಾಯಿ. ಕಾಂಕ್ರೀಟ್ ನೆಲ, ವೈರಿಂಗ್ ಇದರಲ್ಲಿ ಸೇರಿಲ್ಲ. ಕೊಳ್ಳೋ ಮುಂಚೆ ಮೂರು ನೋಡಿ. ಎರಕದಲ್ಲಿ ಬಿರುಕು ಇದೆಯಾ? ಸ್ಪಿಂಡಲ್ ಕೈಯಲ್ಲಿ ತಿರುಗಿಸಿದ್ರೆ ಒಳಗೆ ಕರಕರ ಅನ್ನತ್ತಾ? ಟೇಬಲ್ ನಡುವಿನಿಂದ ತುದಿವರೆಗೆ ಒಂದೇ ಬಿಗಿಯಲ್ಲಿ ಹೋಗತ್ತಾ? ತುಕ್ಕು ನೋಡಿ ಹೆದರಬೇಡಿ, ಬಿರುಕು ನೋಡಿ ಹೆದರಿ.

ಈಗ ಕೊಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇದೆ. ಅಪ್ಪ ಹೇಳಿದ್ದನ್ನ ಬರೆದುಕೊಳ್ತಿದ್ದೀನಿ, 46 ಪುಟ ಆಗಿದೆ. ಹೋದ ವಾರದ ಪುಟ ಡಿವೈಡಿಂಗ್ ಹೆಡ್ಡಿನದು. ಅದರ ಹ್ಯಾಂಡಲ್ 40 ಸುತ್ತು ತಿರುಗಿಸಿದ್ರೆ ಕೆಲಸ ಒಂದು ಸುತ್ತು ತಿರುಗತ್ತೆ. ಕಬ್ಬು ಹಿಂಡೋ ಗಾಣದವರೊಬ್ಬರು 18 ಹಲ್ಲಿನ ಒಂದು ಗೇರ್ ಕೇಳಿದಾರೆ. ನಾನು ಫೋನಿಗೆ ಕೈ ಹಾಕಿದೆ, ಅದು ನಿಯಮದ ಪ್ರಕಾರ ಹೊರಗಿತ್ತು. ಅಷ್ಟರಲ್ಲಿ ಅಪ್ಪ, “ಹಲ್ಲಿಗೆ ಎರಡು ಸುತ್ತು, ಮ್ಯಾಲ 18 ತೂತಿನ ಸಾಲಿನ್ಯಾಗ ನಾಕು ತೂತು” ಅಂದ. ಆಮೇಲೆ ಲೆಕ್ಕ ಹಾಕಿ ನೋಡಿದೆ. 40ನ್ನ 18ರಿಂದ ಭಾಗಿಸಿದ್ರೆ ಎರಡು ಪೂರ್ತಿ, ಉಳಿದಿದ್ದು ಹದಿನೆಂಟರಲ್ಲಿ ನಾಲ್ಕು. ಸರಿಯಾಗೇ ಇತ್ತು.

ಆ ಎರಡು ರಿವೆಟ್ ತೂತು ಇನ್ನೂ ಹಾಗೇ ಇವೆ. ಹಿತ್ತಾಳೆ ಫಲಕದಲ್ಲಿ ಅಪ್ಪನ ಹೆಸರು ಕೆತ್ತಿಸಿ ಅಲ್ಲಿ ಹಾಕೋಣ ಅಂತ ಇದ್ದೆ. ಹೇಳಿದೆ.

ಅಪ್ಪ ಮಷಿನ್ ಕಡೆ ನೋಡಿದ, ನನ್ನ ಕಡೆ ನೋಡಿದ.

“ಹೆಸರ ಇರಲಿ. ಇವತ್ತ ಎಣ್ಣಿ ಹಾಕಿಯೇನು?”

ಹಾಕಿರಲಿಲ್ಲ.